ವೃಷಭಾವತಿಯ ದಂಡೆಗೆ ಕ್ಯೂಫೀಲ್ಡ್: ವಿದ್ಯಾರ್ಥಿ ತಂಡಗಳಿಗೆ ಎಷ್ಟು ಒದಗುತ್ತದೆ?

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ ಈಗ ಮೈಸೂರು ರಸ್ತೆಯ ಪಕ್ಕದಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುತ್ತಾಳೆ. ಗಾಳಿ ಆಂಜನೇಯನ ಗುಡಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಇಳಿದು, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತಾಳೆ. ಈ ದಾರಿಯಲ್ಲಿ ಎಲ್ಲೆಲ್ಲಿ ಪೈಪು ಬಾಯಿ ತೆರೆದಿದೆ, ಯಾವ ಹೊತ್ತಿಗೆ ಯಾವ ಬಣ್ಣದ ನೀರು ಬಿಡುತ್ತದೆ ಎಂದು ದಾಖಲಿಸಲು ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ಆ್ಯಪ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ಕ್ಯೂಫೀಲ್ಡ್. ಷರತ್ತು ಒಂದೇ: ಹೆಚ್ಚಿನ ಕೆಲಸ ದಂಡೆಗೆ ಹೋಗುವ ಮೊದಲೇ ಕಂಪ್ಯೂಟರ್ ಮುಂದೆ ಮುಗಿದಿರಬೇಕು.

ಕ್ಯೂಫೀಲ್ಡ್ ಸ್ವಿಟ್ಜರ್ಲೆಂಡಿನ ಒಂದು ಸಂಸ್ಥೆ ಕಟ್ಟಿದ, ಮುಕ್ತ ತಂತ್ರಾಂಶದ ಉಚಿತ ಆ್ಯಪ್. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ನಡೆಯುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಸಿದ್ಧಪಡಿಸಿದ ನಕ್ಷೆ, ಬಣ್ಣ, ಫಾರ್ಮ್ ಎಲ್ಲವೂ ಹಾಗೆಯೇ ಫೋನಿಗೆ ಬರುತ್ತವೆ. ದಂಡೆಯಲ್ಲಿ ನೆಟ್‌ವರ್ಕ್ ಬೇಕಿಲ್ಲ.

ಸಿದ್ಧತೆಯಲ್ಲಿ ಮೊದಲ ತಪ್ಪು ಆಗುವುದು ಕಡತದ ಬಗೆಯಲ್ಲಿ. ಹಳೆಯ ಅಭ್ಯಾಸದಂತೆ, ನಕ್ಷೆಯ ದತ್ತಾಂಶ ಇಡುವ ಹಳೆಯ ಬಗೆಯ ಕಡತವಾದ ಶೇಪ್‌ಫೈಲ್ ಮಾಡಿದರೆ ಕನ್ನಡಕ್ಕೆ ಜಾಗವೇ ಸಾಲದು. ಕಾಲಂ ಹೆಸರಿಗೆ ಸಿಗುವುದು 10 ಬೈಟ್. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ಮೂರು ಚಿಹ್ನೆಗೆ ಹೆಸರು ತುಂಡಾಗುತ್ತದೆ. ಷರಾ ಬರೆಯುವ ಕಾಲಂಗೂ 254 ಬೈಟೇ ಮಿತಿ, ಎಂದರೆ ಎರಡು ಸಾಲು ಕನ್ನಡ. ಅದರ ಬದಲು ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಕಡತ ಬಳಸಿ, ಈ ತೊಡಕು ಇರುವುದಿಲ್ಲ. ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಸಪಾಟು ನಕ್ಷೆಗೆ ಇಳಿಸುವ ಕ್ರಮ) ಯುಟಿಎಂ ವಲಯ 43 ಉತ್ತರ, ಅದರ ಸಂಕೇತ ಇಪಿಎಸ್‌ಜಿ 32643 ಇರಲಿ. ಮೀಟರಿನಲ್ಲಿ ದೂರ ಅಳೆಯಬಹುದು. ಇದೇ ಕಡತವನ್ನು ಕೋಲಾರದ ಪಾಲಾರ್ ಕೆಲಸಕ್ಕೆ ನಕಲು ಮಾಡುವವರು ಎಚ್ಚರ: 78 ಡಿಗ್ರಿ ರೇಖಾಂಶ ದಾಟಿದರೆ ವಲಯ 44.

ಫಾರ್ಮೇ ಈ ಆ್ಯಪ್‌ನ ನಿಜವಾದ ಬಲ. ಬಣ್ಣ, ವಾಸನೆ, ನೊರೆ ಇವನ್ನು ಬರೆಯಲು ಬಿಡದೆ ಆಯ್ಕೆಪಟ್ಟಿಯಾಗಿ ಕೊಡಿ. ಇಲ್ಲದಿದ್ದರೆ 'ಕಪ್ಪು', 'ಕರಿ', 'ಕಪ್ಪಗಿದೆ' ಎಂದು ಒಂದೇ ಬಣ್ಣ ಮೂರು ರೀತಿ ಬಂದು ಎಣಿಕೆ ಕೆಡುತ್ತದೆ. ಪಿಎಚ್‌ಗೆ 0ರಿಂದ 14ರ ಮಿತಿ ಹಾಕಿ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಬದಲು ವಾಹಕತೆಯ (ನೀರು ವಿದ್ಯುತ್ ಹರಿಸುವ ಶಕ್ತಿ) ಕಾಲಂ ಇಡಿ. ಕೈಮೀಟರ್ ತೋರಿಸುವ ಟಿಡಿಎಸ್ ನೇರ ಅಳತೆಯಲ್ಲ, ವಾಹಕತೆಯನ್ನು 0.5 ಅಥವಾ 0.7ರಂಥ ಅಂಶದಿಂದ ಗುಣಿಸಿದ ಸಂಖ್ಯೆ. ಎರಡು ಕಂಪನಿಯ ಮೀಟರ್ ಹಿಡಿದ ಎರಡು ತಂಡಗಳ ಟಿಡಿಎಸ್ ಹೋಲಿಸಲು ಬರುವುದಿಲ್ಲ. ಬೈರಮಂಗಲದ ಸುತ್ತ ಈ ನೀರೇ ಹೊಲಕ್ಕೆ ಹೋಗುವುದರಿಂದ ವಾಹಕತೆಗೆ ಇನ್ನೊಂದು ಬೆಲೆಯೂ ಇದೆ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಾವರಿಯ 'ಇ' ವರ್ಗಕ್ಕೆ ಇಟ್ಟಿರುವ ಮಿತಿ ಸೆಂಟಿಮೀಟರಿಗೆ 2250 ಮೈಕ್ರೋಸೀಮನ್ಸ್.

ದಿನಾಂಕ ಮತ್ತು ಸಮಯ ತಾನಾಗಿ ತುಂಬಿಕೊಳ್ಳಲಿ, ಆದರೆ 'ತಿದ್ದಿದಾಗಲೂ ಡೀಫಾಲ್ಟ್ ಹಾಕು' ಎಂಬ ಗುರುತು ತೆಗೆದಿಡಿ. ಅದು ಉಳಿದರೆ ಸಂಜೆ ಕೂತು ಒಂದು ಕಾಗುಣಿತ ತಿದ್ದಿದರೂ ಬೆಳಗ್ಗೆ 6ಕ್ಕೆ ಕಂಡ ನೊರೆಯ ಹೊತ್ತು ಸಂಜೆ 7 ಆಗಿಬಿಡುತ್ತದೆ. ಕೊಳಕು ನೀರು ಬಿಡುವ ಹೊತ್ತನ್ನು ಹಿಡಿಯುವುದೇ ಗುರಿಯಾದ ಕೆಲಸಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಪ್ರತಿ ಬಿಂದುವಿಗೆ ಯುಯುಐಡಿ, ಎಂದರೆ ಎಲ್ಲೂ ಮರುಕಳಿಸದ ಗುರುತು, ಕೊಡುವುದೂ ಕಡ್ಡಾಯ; ಬರೀ ಕ್ರಮಸಂಖ್ಯೆಯಾದರೆ ನಾಲ್ಕು ಫೋನಿನ ದತ್ತಾಂಶ ಕೂಡಿಸುವಾಗ ಎಲ್ಲರಲ್ಲೂ 1, 2, 3 ಇದ್ದು, ಯಾವ ಫೋಟೊ ಯಾವ ಪೈಪಿನದು ಎಂದು ತಿಳಿಯದಾಗುತ್ತದೆ.

ಜಿಪಿಎಸ್ ವಿಷಯದಲ್ಲಿ ಆ್ಯಪ್ ಪ್ರಾಮಾಣಿಕವಾಗಿದೆ: ನಿಖರತೆಯನ್ನು ಬಣ್ಣದಲ್ಲಿ ತೋರಿಸುತ್ತದೆ, ಮಿತಿ ಮೀರಿದರೆ ಬಿಂದು ಹಾಕಗೊಡದಂತೆಯೂ ಹೊಂದಿಸಬಹುದು. ಬಯಲಿನಲ್ಲಿ ಸಾಮಾನ್ಯ ಫೋನ್ 3ರಿಂದ 5 ಮೀಟರ್ ಕೊಡುತ್ತದೆ. ಮೆಟ್ರೊ ಮೇಲ್ಸೇತುವೆಯ ಕೆಳಗೆ, ಎತ್ತರದ ಗೋಡೆಯ ಪಕ್ಕದಲ್ಲಿ ಸಿಗ್ನಲ್ ಬಡಿದು ಚದುರಿ, ಬಿಂದು ನದಿಯ ಆಚೆ ದಂಡೆಗೇ ಹಾರಬಹುದು. ಅಂಥಲ್ಲಿ ಸರಾಸರಿ ಸ್ಥಾನದ ಆಯ್ಕೆ ಹಾಕಿ ಕನಿಷ್ಠ 20 ಓದು ತೆಗೆದುಕೊಳ್ಳಿ. ಪೈಪಿನ ಬಾಯಿಗೆ ಇಳಿಯಲೇಬಾರದು. ದಂಡೆಯಲ್ಲೇ ನಿಂತು, ನಕ್ಷೆ ಸರಿಸಿ, ಪರದೆಯ ನಡುವಿನ ಗುರಿಗೆರೆಯನ್ನು ಪೈಪಿನ ಮೇಲೆ ಇಟ್ಟು ಬಿಂದು ಹಾಕಿ. 'ಕೈಯಿಂದ ಇಟ್ಟದ್ದು' ಎಂಬ ಕಾಲಂನಲ್ಲಿ ಹೌದು ಎಂದು ಗುರುತಿಸಿ.

ಇನ್ನು ಕೊರತೆಗಳು. ಆಂಡ್ರಾಯ್ಡ್‌ನಲ್ಲಿ ದತ್ತಾಂಶ ಉಳಿಯುವುದು ಆ್ಯಪ್‌ನದೇ ಫೋಲ್ಡರಿನಲ್ಲಿ. ಆ್ಯಪ್ ಅಳಿಸಿದರೆ ಬಿಂದುಗಳೂ ಫೋಟೊಗಳೂ ಜೊತೆಗೇ ಹೋಗುತ್ತವೆ. 'ಏನೋ ಕೆಟ್ಟಿದೆ, ತೆಗೆದು ಮತ್ತೆ ಹಾಕೋಣ' ಎನ್ನುವುದು ಹುಡುಗರ ಸಹಜ ಪರಿಹಾರವಾದ್ದರಿಂದ ಇದನ್ನು ಮೊದಲ ದಿನವೇ ಹೇಳಿಬಿಡಿ. ಕೇಬಲ್‌ನಿಂದ ನಕಲು ಮಾಡುವಾಗ ಜಿಯೋಪ್ಯಾಕೇಜ್ ಒಂದನ್ನೇ ಎಳೆಯಬೇಡಿ. ಪಕ್ಕದಲ್ಲಿ '-wal' ಎಂದು ಕೊನೆಗೊಳ್ಳುವ ಕಡತವಿದ್ದರೆ ಇತ್ತೀಚಿನ ಬಿಂದುಗಳು ಅದರಲ್ಲೇ ಇರುತ್ತವೆ. ಇಡೀ ಫೋಲ್ಡರ್ ನಕಲು ಮಾಡಿ. ಕ್ಯೂಫೀಲ್ಡ್‌ಕ್ಲೌಡ್ ದತ್ತಾಂಶವನ್ನು ಅಂತರ್ಜಾಲದಲ್ಲಿ ಉಳಿಸಿ ಈ ಕಷ್ಟ ತಪ್ಪಿಸುತ್ತದೆ, ಆದರೆ ಉಚಿತ ಖಾತೆಯ ಜಾಗ 100 ಎಂಬಿ. 4 ಎಂಬಿಯ ಫೋಟೊಗಳಾದರೆ 25ಕ್ಕೇ ತುಂಬುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಚಿತ್ರದ ಗರಿಷ್ಠ ಅಳತೆಯನ್ನು ಇಳಿಸಿಕೊಳ್ಳಿ.

ಹಿನ್ನೆಲೆಗೆ ಉಪಗ್ರಹ ಚಿತ್ರ ಬೇಕೆಂದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು ಉಚಿತ, ಸುಮಾರು 5 ದಿನಕ್ಕೊಮ್ಮೆ ಸಿಗುತ್ತದೆ. ಆದರೆ ಅದರ ಒಂದು ಚೌಕ 10 ಮೀಟರ್. ನಗರದೊಳಗಿನ ಕಿರಿದಾದ ಕಾಲುವೆಯಲ್ಲಿ ನೀರು, ಗೋಡೆ, ರಸ್ತೆ ಒಂದೇ ಚೌಕದಲ್ಲಿ ಕಲೆಸಿಹೋಗುತ್ತವೆ. ಬೈರಮಂಗಲ ಕೆರೆಯ ಹರವು ನೋಡಲು ಸಾಕು. ಅಲ್ಲಿಯೂ ನೀರು ಗುರುತಿಸುವ ಸೂಚ್ಯಂಕವನ್ನು ಕಣ್ಣುಮುಚ್ಚಿ ನಂಬಬೇಡಿ: ಅಂತರಗಂಗೆ ಹಬ್ಬಿದ ಕಡೆ ಅದು ಕೆರೆಯನ್ನು ನೆಲವೆಂದೇ ತೋರಿಸುತ್ತದೆ. ಎಲೆಗಳು ಸಮೀಪದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುವುದೇ ಕಾರಣ.

ಫಾರ್ಮ್ ತುಂಬಿಸುವುದಷ್ಟೇ ಸಾಕೆನ್ನುವ ತಂಡಕ್ಕೆ ಕೋಬೊ ಟೂಲ್‌ಬಾಕ್ಸ್ ಸುಲಭ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕ್ಯೂಫೀಲ್ಡ್‌ಗೆ ಕ್ಯೂಜಿಐಎಸ್ ಬಲ್ಲ ಒಬ್ಬರಾದರೂ ತಂಡದಲ್ಲಿ ಇರಲೇಬೇಕು.

ದೂರು ಬರೆಯುವ ಹಂತಕ್ಕೆ ಬಂದಾಗ ಪ್ರತಿ ಬಿಂದುವಿನ ಸರ್ವೆ ನಂಬರನ್ನು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿ ಸೇರಿಸಿ. ಗಡಿಗೆ ತೀರ ಹತ್ತಿರದ ಬಿಂದುವಾದರೆ ಎರಡೂ ಕಡೆಯ ನಂಬರ್ ಬರೆಯಿರಿ. ರಾಜಕಾಲುವೆಯಿಂದ, ಅದರ ದರ್ಜೆಗೆ ತಕ್ಕಂತೆ, 50 ಮೀಟರ್, 35 ಮೀಟರ್, 25 ಮೀಟರ್ ಎಂದು 2016ರ ಹಸಿರು ನ್ಯಾಯಮಂಡಳಿಯ ಆದೇಶದಂತೆ ಬಫರ್ (ಕಟ್ಟಡ ಕಟ್ಟಬಾರದ ಅಂಚು) ಎಳೆದ ನಕ್ಷೆಗಳು ಇನ್ನೂ ಓಡಾಡುತ್ತಿವೆ. ಮೊದಲಿದ್ದುದಕ್ಕಿಂತ ಹೆಚ್ಚಿಸಿದ ಆ ಅಂತರಗಳನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದುಪಡಿಸಿದೆ. ಆ ಬಫರ್ ಇರುವ ನಕ್ಷೆಯನ್ನು ದೂರಿಗೆ ಲಗತ್ತಿಸಿದರೆ, ಸರಿಯಾಗಿ ಅಳೆದ ಪೈಪುಗಳ ದಾಖಲೆಯೂ ಅದರ ಜೊತೆಗೇ ಮೂಲೆಗುಂಪಾಗುತ್ತದೆ.