ಸ್ಮಾರ್ಟ್ ಡೋರ್‌ಬೆಲ್ ಹಾಕ್ಸಿ ಎರಡು ವರ್ಷ ಆಯ್ತು, ಹಳೇ ಬೆಲ್ ಇನ್ನೂ ಬಿಚ್ಚಿಲ್ಲ

ಮೈಸೂರಲ್ಲಿ ನಮ್ದು ಪಶ್ಚಿಮದ ಬಾಗಿಲ ಮನೆ. ಅಪ್ಪಂಗೆ ಕಿವಿ ಸ್ವಲ್ಪ ಮಂದ, ಟಿವಿ ಸೌಂಡು ಬೀದಿಗೆಲ್ಲ ಕೇಳೋ ಹಾಗೆ ಇಟ್ಕೊಂಡು ಕೂತ್ರೆ ಬೆಲ್ ಎಷ್ಟು ಬಡ್ಕೊಂಡ್ರೂ ಗೊತ್ತಾಗಲ್ಲ, ಕೊರಿಯರ್‌ನವ್ನು ಆಫೀಸಲ್ಲಿರೋ ನಂಗೆ ಫೋನ್ ಮಾಡೋದು, ನಾನು ಅಪ್ಪಂಗೆ ಮಾಡೋದು, ಅವ್ರು ಅದನ್ನೂ ಎತ್ತಲ್ಲ. ಇದಕ್ಕೇ ಸ್ಮಾರ್ಟ್ ಡೋರ್‌ಬೆಲ್, ಅಂದ್ರೆ ಫೋನಿಗೂ ಸುದ್ದಿ ಕಳ್ಸೋ ಕ್ಯಾಮೆರಾ ಬೆಲ್, ತಗೊಂಡಿದ್ದು, ಕಳ್ಳರ ಭಯಕ್ಕಲ್ಲ.

ಮೊದ್ಲು ತಂದಿದ್ದು ಬ್ಯಾಟರಿ ಮಾಡೆಲ್, ಕಂಪನಿ ಹೆಸ್ರು ಬೇಡ ಬಿಡಿ. ಚಾರ್ಜ್ ಉಳಿಸೋಕೆ ಅದು ಸದಾ ನಿದ್ದೆಲಿರುತ್ತೆ, ಬಟನ್ ಒತ್ತಿದ್ಮೇಲೆ ಎದ್ದು, ವೈಫೈ ಹಿಡ್ದು, ಅವ್ರ ಸರ್ವರ್‌ಗೆ ಹೋಗಿ ಅಲ್ಲಿಂದ ಅಲೆಕ್ಸಾ ರೂಟೀನ್‌ಗೆ (ಇಂಥದ್ದಾದ್ರೆ ಇಂಥದ್ದು ಮಾಡು ಅಂತ ಅಲೆಕ್ಸಾಗೆ ಮೊದ್ಲೇ ಹೇಳಿಟ್ಟಿದ್ದು) ಬಂದು ಬಾಗಿಲಲ್ಲಿ ಯಾರೋ ಇದಾರೆ ಅನ್ನೋಷ್ಟರಲ್ಲಿ ಬಂದೋನು ಗೇಟ್ ಹಾಕ್ಕೊಂಡು ಹೋಗಿರ್ತಿದ್ದ. ಅದ್ರ ಮೇಲೆ ಬೆಲ್ ಮುಂದೆ ಏನಾದ್ರೂ ಅಲ್ಲಾಡಿದ್ರೂ ಹಾಲ್ ಲೈಟ್ ಹತ್ತೋ ಹಾಗೆ ರೂಟೀನ್ ಕಟ್ಟಿದ್ದು ನನ್ನ ದಡ್ಡತನ. ಅದ್ರಲ್ಲಿರೋ ಪಿಐಆರ್ ಸೆನ್ಸರ್‌ಗೆ ಮನುಷ್ಯ ಕಾಣಲ್ಲ, ಬಿಸಿ ಅಲ್ಲಾಡೋದಷ್ಟೇ ಕಾಣೋದು, ಸಂಜೆ ಬಿಸಿಲಿಗೆ ಕಾದ ಪೋರ್ಟಿಕೋ ನೆಲದ ಮೇಲೆ ತೆಂಗಿನ ಗರಿ ನೆರಳು ಆಡಿದ್ರೂ ಸಾಕು ಹಾಲ್ ಲೈಟ್ ಆನ್ ಆಫ್ ಆನ್ ಆಫ್. ಅಮ್ಮ ಒಂದಿನ ಬಲ್ಬೇ ಕೆಟ್ಟಿದೆ ಅಂತ ಬಿಚ್ಚಿಟ್ಟು ಮಾಮೂಲಿ ಎಲ್‌ಇಡಿ ಹಾಕಿಬಿಟ್ಟಿದ್ರು.

ಆರೇ ತಿಂಗಳಿಗೆ ವೈರ್ ಇರೋದಕ್ಕೆ ಬದಲಾಯ್ಸಿದೆ. ಇಲ್ಲೊಂದು ಹುಷಾರು. ಅಮೆರಿಕದವ್ರ ವಿಡಿಯೋದಲ್ಲಿ ಹಳೇ ಬೆಲ್ ಬಟನ್ ಬಿಚ್ಚಿ ಅದೇ ವೈರಿಗೆ ಹೊಸದು ಸಿಕ್ಕಿಸ್ತಾರೆ, ಅಲ್ಲಿ ಬೆಲ್ ವೈರಲ್ಲಿರೋದು 16ರಿಂದ 24 ವೋಲ್ಟ್, ನಮ್ಮನೆ ಸ್ವಿಚ್ಚಿಗೆ ಬರೋದು ನೇರ 230. ನಮ್ಮ ಎಲೆಕ್ಟ್ರಿಷಿಯನ್ ಇನ್ನೇನು ಸಿಕ್ಕಿಸ್ತಿದ್ದ, ಕೈ ಹಿಡ್ದು ನಿಲ್ಸಿ ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ತರ್ಸಿದೆ.

ಈಗಿರೋದು ಒನ್‌ವಿಫ್ (ಬೇರೆ ಬೇರೆ ಕಂಪನಿ ಕ್ಯಾಮೆರಾಗಳು ಮಾತಾಡೋ ಸಾಮಾನ್ಯ ಭಾಷೆ) ಸಪೋರ್ಟ್ ಇರೋ ಬೆಲ್, ಅದನ್ನ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಓಡ್ತಿರೋ ಹೋಮ್ ಅಸಿಸ್ಟೆಂಟ್‌ಗೆ (ಮನೆ ಸ್ಮಾರ್ಟ್ ಸಾಮಾನೆಲ್ಲ ನಡ್ಸೋ ಸಾಫ್ಟ್‌ವೇರ್) ಸೇರ್ಸಿದೀನಿ, ಟಿವಿಗೂ ಲ್ಯಾಂಪಿಗೂ ಹೋಗೋ ಸುದ್ದಿ ಮನೆ ವೈಫೈ ಬಿಟ್ಟು ಹೊರಗೆ ಹೋಗೋದೇ ಇಲ್ಲ, ಒತ್ತಿ ಕೈ ತೆಗಿಯೋದ್ರೊಳಗೆ ಕೆಲ್ಸ ಆಗಿರುತ್ತೆ. ಟಿವಿ ಮ್ಯೂಟ್ ಆಗುತ್ತೆ, ಟಿವಿ ಪಕ್ಕದ ಲ್ಯಾಂಪ್ ಮೂರು ಸಲ ಮಿಣುಕುತ್ತೆ, ನನ್ನ ಫೋನಿಗೆ ಮಾತ್ರ ಇಂಟರ್ನೆಟ್ ಮೂಲಕ ಒಂದು ಫೋಟೋ ಬರುತ್ತೆ. ಲ್ಯಾಂಪನ್ನ ಮೊದ್ಲು ಬಿಳಿ ಬಣ್ಣಕ್ಕೆ ಇಟ್ಟಿದ್ದೆ, ಅಪ್ಪ ವೋಲ್ಟೇಜ್ ಏರುಪೇರು ಅನ್ಕೊಂಡು ಎದ್ದೋಗಿ ಫ್ರಿಜ್ ಆಫ್ ಮಾಡ್ತಿದ್ರು, ನೀಲಿ ಮಾಡಿದ್ಮೇಲೆ ಸರಿಯಾಯ್ತು. ಟಣ್ ಟಣ್ ಟಣ್ ಅಂತ ಒತ್ತೋರಿಗಾಗಿ ಹೋಮ್ ಅಸಿಸ್ಟೆಂಟಲ್ಲಿ ಆಟೊಮೇಷನ್ ಮೋಡ್ ಸಿಂಗಲ್ (ಒಂದು ಸಲದ್ದು ಮುಗಿಯೋವರೆಗೆ ಇನ್ನೊಂದು ಶುರುವಾಗಲ್ಲ) ಇಟ್ಟು ಕೊನೇಲಿ 20 ಸೆಕೆಂಡ್ ಡಿಲೇ ಹಾಕಿ, ಇಲ್ಲಾಂದ್ರೆ ಲ್ಯಾಂಪು ಆರ್ಕೆಸ್ಟ್ರಾ ಲೈಟ್ ಆಗುತ್ತೆ. ರೂಟರಲ್ಲಿ ಬೆಲ್ಲಿಗೂ ಪೈಗೂ ಐಪಿ (ನೆಟ್‌ವರ್ಕಲ್ಲಿ ಅವುಗಳ ವಿಳಾಸ) ಬದಲಾಗದ ಹಾಗೆ ರಿಸರ್ವ್ ಮಾಡಿ, ನಾನು ಮಾಡಿರ್ಲಿಲ್ಲ, ಒಂದ್ಸಲ ಕರೆಂಟ್ ಹೋಗಿ ಬಂದ್ಮೇಲೆ ಬೆಲ್ ವಿಳಾಸನೇ ಬದಲಾಗಿ ನಾಲ್ಕು ದಿನ ಏನೂ ಕೆಲ್ಸ ಮಾಡಿಲ್ಲ, ನಂಗೆ ಗೊತ್ತೂ ಆಗಿಲ್ಲ. 2025ರ ನವೆಂಬರ್‌ನಲ್ಲಿ ಬಂದ ಮ್ಯಾಟರ್ 1.5ರಲ್ಲಿ (ಎಲ್ಲ ಕಂಪನಿ ಸ್ಮಾರ್ಟ್ ಸಾಮಾನೂ ಒಟ್ಟಿಗೆ ಕೆಲ್ಸ ಮಾಡೋಕೆ ಇರೋ ಸ್ಟ್ಯಾಂಡರ್ಡ್) ಕ್ಯಾಮೆರಾನೂ ಸೇರ್ಸಿದಾರೆ, ನನ್ನ ಬೆಲ್‌ಗೆ ಅಪ್‌ಡೇಟ್ ಬಂದಿಲ್ಲ, ಕಾಯ್ತಾನೂ ಇಲ್ಲ.

ಆಯುಧಪೂಜೆ ದಿನ ಅಮ್ಮ ಸ್ಕೂಟರ್, ಮಿಕ್ಸಿ ಜೊತೆ ಇದಕ್ಕೂ ಕುಂಕುಮ ಇಟ್ರು, ಸರಿಯಾಗಿ ಲೆನ್ಸ್ ಮೇಲೆ. ಅವತ್ತು ಬಂದ ನೆಂಟರೆಲ್ಲ ನನ್ನ ಫೋನಲ್ಲಿ ಬರೀ ಕೆಂಪು.

ಕರೆಂಟ್ ಹೋದಾಗ ರೂಟರ್, ಪೈ, ಬೆಲ್ ಮೂರೂ ಯುಪಿಎಸ್ ಮೇಲಿರ್ಬೇಕು, ನನ್ನದ್ರಲ್ಲಿ ಬೆಲ್ ಟ್ರಾನ್ಸ್‌ಫಾರ್ಮರ್ ಮಾತ್ರ ಹೊರಗುಳಿದಿದೆ, ಗೋಡೆ ಒಡೀಬೇಕು, ಅಮ್ಮ ಬಿಡ್ತಿಲ್ಲ. ಹಳೇ ಬೆಲ್ ಯುಪಿಎಸ್ ಲೈನಲ್ಲಿದೆ, ಅದಕ್ಕೇ ಬಿಚ್ಚಿಲ್ಲ. ಹಾಲಿನವ್ನು ಎರಡು ವರ್ಷದಿಂದ ಅದನ್ನೇ ಒತ್ತೋದು, ಹೊಸದನ್ನ ಮುಟ್ಟಿದ್ರೆ ಫೋಟೋ ಹೊಡಿಯುತ್ತಂತೆ.