ಶಾಲೆಯ ನೃತ್ಯ ತರಗತಿಗೆ ಬ್ರೈನ್‌ಡ್ಯಾನ್ಸ್: ಎಲ್ಲಿ ಸಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

ಅಂಗವೈಕಲ್ಯವಿರುವ ಮಕ್ಕಳನ್ನೂ ಸೇರಿಸಿಕೊಂಡು ಎಲ್ಲರಿಗೂ ನೃತ್ಯ ಕಲಿಸಲು ಹೊರಟ ಶಾಲೆ ಮೊದಲು ಎಡವುವುದು ಸ್ಟೆಪ್ಪಿನಲ್ಲಿ. ಸ್ಟೆಪ್ಪು ಹೇಳಿಕೊಟ್ಟ ಕೂಡಲೇ ತರಗತಿ ಎರಡು ಪಾಲಾಗುತ್ತದೆ. ಆಗದ ಮಗುವಿನ ಕೈಗೆ ಒಂದು ಗಿಲಕಿ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ, ವರದಿಯಲ್ಲಿ ‘ಎಲ್ಲರೂ ಭಾಗವಹಿಸಿದರು’ ಎಂದು ಬರೆಯುತ್ತಾರೆ.

ಈ ತೊಡಕನ್ನು ಸ್ವಲ್ಪಮಟ್ಟಿಗೆ ಬಿಡಿಸುವ ಪದ್ಧತಿ ಬ್ರೈನ್‌ಡ್ಯಾನ್ಸ್. ಅಮೆರಿಕದ ನೃತ್ಯ ಶಿಕ್ಷಕಿ ಆನ್ ಗ್ರೀನ್ ಗಿಲ್ಬರ್ಟ್ ರೂಪಿಸಿದ ಇದರಲ್ಲಿ ಎಂಟು ಚಲನೆಗಳಿವೆ: ಉಸಿರಾಟ, ಸ್ಪರ್ಶ, ಮೈಯ ನಡುವಿನಿಂದ ಕೈಕಾಲಿನ ತುದಿಗೆ, ತಲೆಯಿಂದ ಬೆನ್ನಿನ ಬುಡಕ್ಕೆ, ಮೇಲ್ಭಾಗ–ಕೆಳಭಾಗ, ಎಡಮೈ–ಬಲಮೈ, ಅಡ್ಡ ದಾಟುವುದು (ಒಂದು ಪಕ್ಕದ ಕೈ ಎದುರು ಪಕ್ಕದ ಕಾಲಿನತ್ತ), ಕೊನೆಗೆ ಸಮತೋಲ. ಇದರ ಬೇರು ಇರ್ಮ್‌ಗಾರ್ಡ್ ಬಾರ್ಟೆನಿಯೆಫ್ ಅವರ ಕೆಲಸದಲ್ಲಿದೆ. ಆಕೆ ನರ್ತಕಿಯೂ ಹೌದು, ಫಿಸಿಯೋಥೆರಪಿಸ್ಟೂ ಹೌದು; ಪೋಲಿಯೋ ರೋಗಿಗಳ ಜೊತೆ ಕೆಲಸ ಮಾಡಿದವರು. ಹೆಸರಿನಲ್ಲಿರುವ ‘ಬ್ರೈನ್’ ನೋಡಿ ಮಕ್ಕಳ ಅಂಕ ಏರುತ್ತದೆಂದು ಇದನ್ನು ತರಬೇಡಿ. ಒಳ್ಳೆಯ ವಾರ್ಮ್‌ಅಪ್ ಎಂದು ತನ್ನಿ, ಅಷ್ಟು ಸಾಕು.

ಇದು ಆಕಾರ ಹೇಳುವುದಿಲ್ಲ, ಮೈಯ ಭಾಗಗಳ ನಡುವಿನ ಸಂಬಂಧ ಹೇಳುತ್ತದೆ. ಇದರ ಹೆಚ್ಚುಗಾರಿಕೆಯೇ ಅದು. ‘ಕೈ ಮೇಲೆತ್ತಿ’ ಎಂದರೆ ಕೈ ಏಳದ ಮಗು ಸೋತಿತು. ‘ಮೇಲ್ಭಾಗ ಆಡಲಿ, ಕೆಳಭಾಗ ನಿಲ್ಲಲಿ’ ಎಂದರೆ ಒಬ್ಬಳು ಕೈ ಬೀಸುತ್ತಾಳೆ, ವೀಲ್‌ಚೇರಿನ ಹುಡುಗ ಬ್ರೇಕ್ ಹಾಕಿ ಭುಜ ಕುಣಿಸುತ್ತಾನೆ, ಇನ್ನೊಂದು ಮಗು ಹುಬ್ಬು ಹಾರಿಸುತ್ತದೆ. ಸರದಿ ಕೆಳಭಾಗಕ್ಕೆ ಬಂದಾಗ ಆ ಹುಡುಗನ ಕೆಳಭಾಗ ಅವನ ಚಕ್ರಗಳೇ. ಬ್ರೇಕ್ ಬಿಚ್ಚಿ ಹಿಂದೆ ಮುಂದೆ ಓಡಿಸಿದರೆ ಚಲನೆ ಪೂರ್ತಿಯಾಯಿತು. ಆದರೆ ಕುರ್ಚಿಯನ್ನು ಕೇಳದೆ ಯಾರೂ ತಳ್ಳಬಾರದು, ಅದು ಅವನ ಮೈ ಇದ್ದಂತೆ.

ಎಂಟರಲ್ಲಿ ನಾಲ್ಕು ಕಡೆ ಎಚ್ಚರ ಬೇಕು. ಸ್ಪರ್ಶದಲ್ಲಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿಸುವುದುಂಟು. ಆಟಿಸಂ ಇರುವ ಕೆಲವು ಮಕ್ಕಳಿಗೆ ಮೆಲು ಸ್ಪರ್ಶವೇ ಹಿಂಸೆ. ತೋಳನ್ನು ತಾವೇ ಗಟ್ಟಿಯಾಗಿ ಅದುಮಿಕೊಂಡರೆ ಅವರಲ್ಲಿ ಹಲವರಿಗೆ ಸಹ್ಯ. ತಲೆ–ಬೆನ್ನಿನ ಚಲನೆಯಲ್ಲಿ, ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ, ಆದ್ದರಿಂದ ಕತ್ತನ್ನು ಜೋರಾಗಿ ಬಗ್ಗಿಸುವುದು, ಪಲ್ಟಿ ಹೊಡೆಸುವುದು ಬೇಡ. ಅಡ್ಡ ದಾಟುವಾಗ ಒಂದು ಪಕ್ಕ ಬಲವಿಲ್ಲದ ಮಗು ಬಲವಿರುವ ಕೈಯನ್ನೇ ಎದುರು ಮೊಣಕಾಲಿಗೆ ತರಲಿ. ಅದೂ ಆಗದಿದ್ದರೆ ಬಣ್ಣದ ಬಟ್ಟೆಯೊಂದು ಎಡದಿಂದ ಬಲಕ್ಕೆ ಹೋಗುವುದನ್ನು ಕಣ್ಣು ಹಿಂಬಾಲಿಸಲಿ. ಸಮತೋಲಕ್ಕೆ ಸುತ್ತುವಾಗ 15 ಸೆಕೆಂಡ್ ಸಾಕು. ನಿಂತು ಉಸಿರು ತೆಗೆದುಕೊಂಡು ಆಮೇಲೆ ಎದುರು ದಿಕ್ಕು. ಫಿಟ್ಸ್ ಬರುವ ಅಥವಾ ತಲೆಯಲ್ಲಿ ಶಂಟ್ (ಮಿದುಳಿನ ಹೆಚ್ಚುವರಿ ನೀರನ್ನು ಹೊರಹರಿಸುವ ಕೊಳವೆ) ಇರುವ ಮಕ್ಕಳಿಗೆ, ವೈದ್ಯರು ಒಪ್ಪುವವರೆಗೆ, ಸುತ್ತುವ ಬದಲು ತೂಗಾಡುವುದೇ ಸಾಕು.

ಇವೆಲ್ಲ ಬಗೆಹರಿಯುವಂಥವು. ನಿಜವಾದ ಜಗಳ ಸದ್ದಿನದು. ಕಿವಿ ಕೇಳಿಸದ ಮಗುವಿಗೆ ತಾಳ ಮೈಗೆ ತಾಗಬೇಕು, ಆದ್ದರಿಂದ ಶಿಕ್ಷಕರು ಸ್ಪೀಕರ್ ಏರಿಸುತ್ತಾರೆ. ಪಕ್ಕದಲ್ಲೇ ಸದ್ದು ತಡೆಯಲಾಗದ ಮಗು ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಓಡುತ್ತದೆ. ಇಷ್ಟಾದರೂ ನೆಲ ಕಾಂಕ್ರೀಟಿನದಾಗಿದ್ದರೆ ಮೊದಲಿನ ಮಗುವಿಗೂ ಏನೂ ಮುಟ್ಟಿರುವುದಿಲ್ಲ, ಗಟ್ಟಿ ನೆಲ ಕಂಪನವನ್ನು ಕಾಲಿಗೆ ಕೊಡುವುದಿಲ್ಲ. ಸ್ಪೀಕರ್ ಇಳಿಸಿ. ಕೆಳಗೆ ಟೊಳ್ಳು ಬಿಟ್ಟ ಮರದ ಹಲಗೆಯೊಂದರ ಮೇಲೆ ಡ್ರಮ್ ಇಟ್ಟು, ಅದೇ ಹಲಗೆಯ ಮೇಲೆ ಬರಿಗಾಲಿನಲ್ಲಿ ಆ ಮಗುವನ್ನು ನಿಲ್ಲಿಸಿ. ಊದಿದ ಬಲೂನನ್ನು ಎದೆಗೆ ಒತ್ತಿ ಹಿಡಿದರೂ ಕಂಪನ ಸಿಗುತ್ತದೆ. ಎಣಿಕೆಯನ್ನು ಬೆರಳಲ್ಲೂ ತೋರಿಸಿ, ಕನ್ನಡಿಗೆ ಮುಖ ಮಾಡಿ ಮಾತಾಡಬೇಡಿ. ಕಣ್ಣು ಕಾಣದ ಮಗುವಿಗೆ ಇದೇ ಡ್ರಮ್ ದಿಕ್ಸೂಚಿ, ಹಾಗಾಗಿ ನಡುವೆ ಜಾಗ ಬದಲಿಸುವಂತಿಲ್ಲ. ಅವಳಿಗೆ ‘ಹೀಗೆ ಮಾಡು’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಬಲ ಮೊಣಕೈ ಎಡ ಮೊಣಕಾಲಿಗೆ’ ಎನ್ನಬೇಕು.

ಜಾಗದ ಲೆಕ್ಕ ಸರಳ: ವೀಲ್‌ಚೇರ್ ಸುತ್ತಲು 150 ಸೆಂ.ಮೀ. ಅಡ್ಡಳತೆಯ ವೃತ್ತ ಬೇಕು, ಕುಣಿಯುವಾಗ ಅದಕ್ಕಿಂತ ಹೆಚ್ಚು. ಕೋಣೆ ಸಣ್ಣದಿದ್ದರೆ ಅರ್ಧ ತರಗತಿ ಕುಣಿಯಲಿ, ಅರ್ಧ ನೋಡಲಿ.

ಜೋಡಿ ಮಾಡುವಾಗ ಹುಡುಗ–ಹುಡುಗಿ ಎಂದು ವಿಂಗಡಿಸುವ ಅಗತ್ಯ ಈ ಪದ್ಧತಿಗಿಲ್ಲ. ‘ನಡೆಸುವವರು’, ‘ಹಿಂಬಾಲಿಸುವವರು’ ಎಂದರೆ ಸಾಕು, ಮಧ್ಯೆ ಅದಲುಬದಲು ಮಾಡಿಸಿ. ಬೇರೆ ಬೇರೆ ಸಮುದಾಯಗಳ ನೃತ್ಯವನ್ನು ತರಗತಿಗೆ ತರುವ ವಿಷಯದಲ್ಲಿ ಮಾತ್ರ ಈ ಎಂಟು ಚಲನೆಗಳಿಂದ ಹೆಚ್ಚು ನೆರವಿಲ್ಲ. ಅದಕ್ಕೆ ಆ ನೃತ್ಯ ಬಲ್ಲವರನ್ನೇ ಕರೆಸಬೇಕು.

ದೊಡ್ಡ ಕೊರತೆ ಇದು: ಎಂಟೂ ಮುಗಿಯಲು 5ರಿಂದ 10 ನಿಮಿಷ. 45 ನಿಮಿಷದ ತರಗತಿಯಲ್ಲಿ ಉಳಿದದ್ದು ಮತ್ತೆ ಸ್ಟೆಪ್ಪಿಗೆ ಹೋದರೆ, ಹನ್ನೊಂದನೇ ನಿಮಿಷಕ್ಕೆ ಗಿಲಕಿ ವಾಪಸು ಬರುತ್ತದೆ. ವಾರ್ಮ್‌ಅಪ್‌ನಲ್ಲಿ ಮಕ್ಕಳೇ ಹುಟ್ಟಿಸಿದ ಚಲನೆಗಳಿಂದಲೇ, ಹುಬ್ಬು ಹಾರಿಸಿದ್ದೂ ಸೇರಿ, ಮುಂದಿನ ನೃತ್ಯ ಕಟ್ಟುವ ಶಿಕ್ಷಕರಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಆ ಶಿಕ್ಷಕರ ಜೊತೆ ಒಪ್ಪಂದಕ್ಕೆ ಮುಂಚೆ ನಿಮ್ಮದೇ ಮಕ್ಕಳೊಂದಿಗೆ ಒಂದು ಪೂರ್ತಿ ತರಗತಿ ನಡೆಸಲು ಹೇಳಿ, ಕೊನೆಯ 20 ನಿಮಿಷ ತಪ್ಪದೆ ಕೂತು ನೋಡಿ.