ನೀಲಿ ಎನಾಮೆಲ್ ಲಾಕೆಟ್: ಚೆಂದವೇನೋ ಹೌದು, ಆದರೆ ದಿನಬಳಕೆಗಲ್ಲ

ಪ್ಯಾರಿಸ್ ಪಕ್ಕದ ಸಾಂತ್-ವಾಂ ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಕೊಂಡ ಚಿನ್ನದ ಲಾಕೆಟ್ ಇದು, ಹತ್ತೊಂಬತ್ತನೇ ಶತಮಾನದ್ದು. ಕೊಂಡಿಯ ಮೇಲೆ ಹದ್ದಿನ ತಲೆಯ ಪುಟಾಣಿ ಮುದ್ರೆ ಇದೆ; ಕನಿಷ್ಠ 18 ಕ್ಯಾರಟ್ ಚಿನ್ನಕ್ಕೆ ಫ್ರಾನ್ಸ್‌ನಲ್ಲಿ 1838ರಿಂದ ಒತ್ತುವ ಗುರುತು.

ನಿಜವಾದ ಮಜಾ ಎನಾಮೆಲ್‌ನಲ್ಲಿದೆ. ಚಿನ್ನದ ಮೇಲೆ ಯಂತ್ರದಿಂದ ಕೊರೆದ ಸಣ್ಣ ಅಲೆಗೆರೆಗಳು, ಅವುಗಳ ಮೇಲೆ ಕುಲುಮೆಯಲ್ಲಿ ಕರಗಿಸಿ ಕೂರಿಸಿದ ಪಾರದರ್ಶಕ ನೀಲಿ ಗಾಜು. ಚೂರು ವಾಲಿಸಿದರೂ ಸಾಕು, ಗೆರೆಗಳು ಬೆಳಕಲ್ಲಿ ಓಡಾಡುತ್ತವೆ. ನಡುವೆ ಫರ್ಗೆಟ್-ಮಿ-ನಾಟ್ ಹೂಗೊಂಚಲು, ದೂರವಿರುವ ಪ್ರಿಯರ ನೆನಪಿಗೆ. ಅಂಚಿಗೆ ಐವಿ ಬಳ್ಳಿ, ಹಿಡಿದದ್ದನ್ನು ಬಿಡದ ನಿಷ್ಠೆಗೆ. ಬಾಯಿಬಿಟ್ಟು ಹೇಳಲಾಗದ್ದನ್ನು ಆ ಕಾಲದವರು ಹೂವಿನ ಕೈಲಿ ಹೇಳಿಸುತ್ತಿದ್ದರು. ಒಳಗೆ ಪ್ರೇಮಿಯ ಕೂದಲೆಳೆ ಇಡುವ ಗಾಜಿನ ಗೂಡು ಖಾಲಿಯಿದೆ. ಕೂದಲು ಇದ್ದಿದ್ದರೆ ನಾನಂತೂ ತೊಡುತ್ತಿರಲಿಲ್ಲ!

ಕೊರತೆಯೂ ಇದೆ. ಒಂದು ಎಲೆಯ ಹಸಿರು ಮಂಕು: ಉದುರಿದ ಜಾಗಕ್ಕೆ ರಾಳ ತುಂಬಿದ್ದಾರೆ. ಅಂಗಡಿಯವರು ತಾವಾಗಿ ಬಾಯಿಬಿಡಲಿಲ್ಲ. ಭೂತಗನ್ನಡಿ ಹಿಡಿದು ತೋರಿಸಿದ ಮೇಲೆ ಬೆಲೆ ಇಳಿಸಿದರು. ತೊಳೆಯಲು ಅಲ್ಟ್ರಾಸಾನಿಕ್ ಯಂತ್ರ (ನೀರಲ್ಲಿ ಶಬ್ದದಲೆ ಹಾಯಿಸಿ ಕೊಳೆ ಬಿಡಿಸುವಂಥದ್ದು) ಖಂಡಿತ ಬೇಡ, ಮೆತ್ತನೆ ಬಟ್ಟೆ ಸಾಕು. ಮೇಜಿನಂಚಿಗೆ ತಗುಲಿದರೂ ಚಕ್ಕೆ ಏಳಬಹುದು, ಹಾಗಾಗಿ ದಿನಾ ತೊಡುವವರು ಬೇರೆ ಏನಾದರೂ ನೋಡಿಕೊಳ್ಳಿ.